ಕೆಂಪು ಬಳಿದ ಹಾಡು

ನಾಗಸಂದ್ರದ ಮೆಟ್ರೋ ನಿಲ್ದಾಣ ಇಳಿದು, ಲಾರಿ ಗೋಡೌನುಗಳ ಸಾಲು ದಾಟಿ ಒಳಗೆ ನಡೆದರೆ ಎರಡಂತಸ್ತಿನ ಒಂದು ಮನೆ. ಕೆಳಗೆ ಮನೆಯೊಡತಿ ಮಾರಕ್ಕ, ಮೇಲೆ ಬಾಡಿಗೆಗೆ ಅಮರಪ್ಪ. ಭಾನುವಾರ ಬೆಳಿಗ್ಗೆ ಆ ದಾರಿಯಲ್ಲಿ ಹೋಗುವವರ ಕಿವಿಗೆ ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬೀಳುತ್ತಿತ್ತು, ಅದರ ಬೆನ್ನಿಗೇ ಯಾವುದೋ ಹಳೆಯ ಸಿನಿಮಾದ ಹಾಡು. ಹೂ ಮಾರುವವಳು ಗಾಡಿ ನಿಲ್ಲಿಸಿ ಒಂದು ಚರಣ ಕೇಳಿಕೊಂಡೇ ಮುಂದಕ್ಕೆ ಹೋಗುವಳು. ಅಮರಪ್ಪನ ಮನೆಯೆಂದರೆ ಆ ಬೀದಿಗೆ ಹಾಡಿನ ಮನೆ.

ಅಮರಪ್ಪ ಕೊಪ್ಪಳದ ಕಡೆಯವನು. ಮೀಸೆ ಚಿಗುರುವ ವಯಸ್ಸಿಗೆ ಪೀಣ್ಯಕ್ಕೆ ಬಂದು, ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ಸೇರಿ, ಈಗ ಅಲ್ಲೇ ತಪಾಸಣೆಯ ಮೇಜಿನ ಯಜಮಾನ. ಲೇತ್ ಯಂತ್ರದಿಂದ ಇಳಿದ ಪ್ರತಿ ತುಂಡೂ ಅವನ ಬೆರಳು ದಾಟಿಯೇ ಹೊರಗೆ ಹೋಗಬೇಕು. ಕಣ್ಣಿಗೆ ಕಾಣದ ಗೀಚು ಅವನ ಹೆಬ್ಬೆರಳಿಗೆ ಸಿಕ್ಕಿಬಿಡುತ್ತಿತ್ತು. ಅವನು ಪಕ್ಕಕ್ಕೆ ಸರಿಸಿದ ತುಂಡನ್ನು ಮಾಲೀಕ ಬಂದು ಬೇಡಿಕೊಂಡರೂ ಅವನು ವಾಪಸು ಎತ್ತಿದವನಲ್ಲ.

ಪ್ಲೇಟಿನ ಹುಚ್ಚು ಹತ್ತಿದ್ದು ಬಂದ ಹೊಸದರಲ್ಲಿ. ಗುಜರಿ ಅಂಗಡಿಯ ಮುಂದೆ ಒಂದು ದಿನ ಗ್ರಾಮಫೋನ್ ಪ್ಲೇಟುಗಳ ರಾಶಿ ಬಿದ್ದಿತ್ತು. ಮೇಲಿನದರ ರಟ್ಟಿನ ಮೇಲೆ, ಅವನು ಚಿಕ್ಕವನಿದ್ದಾಗ ಊರಿನ ಟೆಂಟಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ ಸಿನಿಮಾದ ಚಿತ್ರ. ಎತ್ತಿಕೊಂಡು ಬಂದ. ಅದನ್ನು ಹಾಕಿ ಕೇಳುವ ಯಂತ್ರ ಅವನಲ್ಲಿರಲಿಲ್ಲ; ಎಷ್ಟೋ ವರ್ಷ ಆ ಪ್ಲೇಟನ್ನು ಬರಿದೇ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುವುದೇ ಅವನ ಸಂಗೀತ. ಆಮೇಲೆ ಯಂತ್ರ ಬಂತು, ಬೀರು ಬಂತು, ಬೀರುವಿನ ತುಂಬ ಪ್ಲೇಟು ಬಂದವು. ಒಂದೇ ಬಾರಿ ಅಚ್ಚಾಗಿ ಮತ್ತೆ ಎಂದೂ ಅಚ್ಚಾಗದ ಕನ್ನಡ ಸಿನಿಮಾ ಪ್ಲೇಟುಗಳನ್ನು ಅವನು ಹುಡುಕಿ ಹುಡುಕಿ ತರುತ್ತಿದ್ದ. ಆದರೆ ಗೀಚು ಬಿದ್ದ ಪ್ಲೇಟು ಅವನ ಬೀರು ಸೇರುವಂತಿರಲಿಲ್ಲ. ತಂದದ್ದನ್ನು ಸೋಪಿನ ನೀರಲ್ಲಿ ಮೀಯಿಸಿ, ಮೆತ್ತನೆಯ ಪಂಚೆಯಲ್ಲಿ ಒರೆಸಿ, ಗೆರೆಗಳು ಕಾಡಿಗೆಯಂತೆ ಹೊಳೆಯುವವರೆಗೆ ಯಂತ್ರದ ಮುಳ್ಳು ಇಡುತ್ತಿರಲಿಲ್ಲ.

"ಏನ್ರೀ, ಆ ಪ್ಲೇಟಿನ ಮ್ಯಾಲಿನ ಪ್ರೀತಿಯೊಳಗ ಅರ್ಧಾನರ ನನ್ನ ಮಿಕ್ಸರ್ ಮ್ಯಾಲ ತೋರಸ್ರಿ. ಅದು ಕೆಟ್ಟು ಕುಂತು ನಾನು ಚಟ್ನಿ ಮರತೀನಿ" ಎನ್ನುತ್ತಿದ್ದಳು ಹೆಂಡತಿ ಮಹಾನಂದಾ.

"ಮಿಕ್ಸರ್ ಹಾಡ್ತೈತೇನ?"

"ಹಾಡೂದಿಲ್ಲ. ಹೊಟ್ಟಿ ತುಂಬಸ್ತೈತಿ."

ಕೆಳಗಿನ ಮಾರಕ್ಕ ಬಾಡಿಗೆದಾರರ ಗಲಾಟೆ ಸಹಿಸುವ ಹೆಂಗಸಲ್ಲ. ಮಹಡಿಯಲ್ಲಿ ಸ್ಟೂಲು ಎಳೆದ ಸದ್ದಾದರೂ ಅಂಗಳಕ್ಕೆ ಬಂದು ಕೂಗುವವಳು. ಹಾಡಿಗೆ ಮಾತ್ರ ಎಂದೂ ಕೂಗಲಿಲ್ಲ. ಭಾನುವಾರ ಅವರೆಕಾಯಿಯದೋ ಸೊಪ್ಪಿನದೋ ಬುಟ್ಟಿ ಹಿಡಿದು ಮಹಡಿ ಮೆಟ್ಟಿಲ ಮೇಲೆ ಕೂತು, ಸುಲಿಯುತ್ತಾ ಸೋಸುತ್ತಾ ಕೇಳುವಳು. ಎಷ್ಟೋ ವರ್ಷ ಹಾಗೇ ನಡೆಯಿತು. ಗಂಡನ ತಿಥಿ ಮುಗಿದ ಮೇಲಿನ ಒಂದು ಭಾನುವಾರ ಬುಟ್ಟಿಯಿಲ್ಲದೆ ಮೇಲೆ ಬಂದು ಬಾಗಿಲಲ್ಲಿ ನಿಂತಳು.

"ಅಮರಪ್ಪಾ, ನಿನ್ತಾವ 'ಏಳು ಹೊಸಿಲಿನ ಮನೆ' ಪಿಚ್ಚರಿನ ಪ್ಲೇಟ್ ಐತಾ?"

"ಹೆಸರ ಕೇಳಿಲ್ರೀ ಅಮ್ಮಾರ. ಯಾಕ್ರೀ?"

"ಏನಿಲ್ಲ ಬುಡು." ಹೊರಟವಳು ತಿರುಗಿದಳು. "ಅದ್ರಾಗೆ ನಾನೊಂದ್ ಸೊಲ್ಲು ಪದ ಯೋಳಿವ್ನಿ."

ಮಹಾನಂದಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮಾರಕ್ಕನನ್ನು ಒಳಗೆ ಕರೆದು ಕೂರಿಸಿದರು. ಆಗ ಬಿಚ್ಚಿಕೊಂಡಿತು ಕಥೆ.

ಮಾರಕ್ಕನ ತವರು ಕಾಡುಗೋಡಿ. ಅವಳವ್ವ ಆ ಸೀಮೆಯಲ್ಲೇ ಹೆಸರಾದ ಸೋಬಾನೆ ಹೆಂಗಸು. ಅವಳ ದನಿಯಿಲ್ಲದೆ ಹಸೆಗೆ ಹೆಣ್ಣು ಏರುತ್ತಿರಲಿಲ್ಲ. ಸಿನಿಮಾ ಕಂಪನಿಯವರು ನಿಜವಾದ ಹಳ್ಳಿ ದನಿ ಬೇಕೆಂದು ಹುಡುಕಿಕೊಂಡು ಬಂದು, ನಾಲ್ಕಾರು ಹೆಂಗಸರನ್ನು ರೈಲು ಹತ್ತಿಸಿ ಮದರಾಸಿಗೆ ಕರೆದೊಯ್ದರು. ಅವ್ವನ ಸೆರಗು ಹಿಡಿದು ಹೊರಟವಳು ಮಾರಕ್ಕ. ಆಗಿನ್ನೂ ಲಂಗ ದಾವಣಿ. ಮದುವೆಯಾಗಿ ಹೋದ ಅಕ್ಕ ಸತ್ತ ಸುದ್ದಿ ಕೇಳಿ ತಂಗಿ ಬಾಗಿಲಲ್ಲಿ ನಿಂತು ಹಾಡುವ ಹಾಡು ಅದು. ತಂಗಿಯ ಸೊಲ್ಲಿಗೆ ದೊಡ್ಡವರ ದನಿ ಒಗ್ಗಲಿಲ್ಲವಂತೆ.

"ನನ್ನ ಒಂದ್ ಮರದ ಪೆಟ್ಗೆ ಮೇಲೆ ನಿಲ್ಸಿದ್ರು ಕಣವ್ವ, ಮೈಕು ಎಟಕ್ಲಿ ಅಂತ. 'ಯಾವೂರ ಸೇರಿದಳೋ ನನ ಅಕ್ಕ, ಬಾಗಿಲಿಗೆ ದೀಪ ಇಟ್ಟೀನಿ.' ಅಟ್ಟೇಯ. ಅದೊಂದ್ ಸೊಲ್ಲು ನಾನೊಬ್ಳೇ. ಮಿಕ್ಕಿದ್ದು ಎಲ್ರೂ."

"ಆಮ್ಯಾಲ ನೀವು ಕೇಳಿದ್ರೇನು?" ಮಹಾನಂದಾ ಕೇಳಿದಳು.

"ಎಲ್ಲಿ ಕೇಳ್ಳಿ? ಪಿಚ್ಚರ್ ಬರೋ ಒತ್ಗೆ ನನ್ ಮದ್ವೆ ಗೊತ್ತಾಗಿತ್ತು. ಸಿನಿಮಾದಾಗೆ ಪದ ಯೋಳ್ದೋಳು ಅಂದ್ರೆ ಗಂಡಿನ ಕಡೆಯೋರು ಬುಟ್ಬುಡ್ತಾರೆ ಅಂತ ಅವ್ವ ಬಾಯ್ಗೆ ಬಟ್ಟೆ ಇಟ್ಳು. ಮದ್ವೆ ದಿನ ನಮ್ಮೂರ ಮೈಕ್‌ಸೆಟ್ಟು ಅನುಮಂತಯ್ಯ ಆ ಪಿಚ್ಚರಿನ ಪ್ಲೇಟೇ ಆಕ್ದ. ಮೊದಲ್ನೇ ಆಡು ಮುಗೀತು. ನಾನು ಬಾಸಿಂಗ ಕಟ್ಕಂಡು ಉಸ್ರು ಬಿಗಿ ಇಡ್ದು ಕುಂತಿವ್ನಿ, ಈಗ ಬತ್ತದೆ, ಈಗ ಬತ್ತದೆ ಅಂತ. ಟರ್ ಅಂತು. ಓಲಗದ ಪ್ಲೇಟು ಬಂತು."

ಹೇಳಿ ನಕ್ಕಳು. ನಕ್ಕವಳ ಕಣ್ಣು ಮಾತ್ರ ಬೀರುವಿನ ಮೇಲೇ ಇತ್ತು. ಅತ್ತೆ ಮಾವ, ಗಂಡ ಎಲ್ಲರೂ ಹೋದರು. ಈಗ ಬೇಡ ಎನ್ನುವವರು ಯಾರೂ ಇಲ್ಲ. ಸಾಯುವುದರೊಳಗೆ ಒಂದು ಸಲ ಆ ದನಿ ಕೇಳಬೇಕು, ಅಷ್ಟೇ.

ಮೊಬೈಲಿನಲ್ಲಿ ಹುಡುಕಿದರು, ಆ ಹೆಸರಿಗೆ ಯಾವುದೋ ಧಾರಾವಾಹಿ ಬಂತು. ಅಮರಪ್ಪ ತನ್ನ ಪ್ಲೇಟು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ. ಸಿಂಗಸಂದ್ರದ ಸಿದ್ಧಾರ್ಥ್ ಎಂಬ ಹುಡುಗ, ಕಂಪ್ಯೂಟರ್ ಕೆಲಸದವನು, ಪ್ಲೇಟು ವಿಷಯಕ್ಕೆ ಅಮರಪ್ಪನನ್ನು ಗುರುಗಳೇ ಎಂದೇ ಕರೆಯುವವನು, ತಕ್ಷಣ ಫೋನ್ ಮಾಡಿದ. "ಗುರುಗಳೇ, ಆ ಪ್ಲೇಟನ್ನ ಯಾರೂ ನೋಡೇ ಇಲ್ಲ. ಸಿಕ್ಕಿಬಿಟ್ರೆ ಸಕ್ಕತ್ ಆಗಿರತ್ತೆ. ನಮ್ಗೆಲ್ಲಾ ಕೇಳಿಸ್ಬೇಕು ಮತ್ತೆ." ಆ ಮಾತು ಅಮರಪ್ಪನ ಎದೆಯಲ್ಲಿ ಒಂದು ಮೂಲೆ ಹಿಡಿದು ಕೂತಿತು. ಮಾರಕ್ಕನಿಗಾಗಿ ಹೊರಟ ಹುಡುಕಾಟದೊಳಗೆ ಅವನದೇ ಒಂದು ಆಸೆ ಸದ್ದಿಲ್ಲದೆ ಬಂದು ಸೇರಿದ್ದು ಆಗಲೇ.

ಎಲ್ಲೆಲ್ಲೋ ತಿರುಗಿದ. ಕಡೆಗೆ ಮಾರಕ್ಕನ ಮಾತಿನಲ್ಲೇ ಬಂದಿದ್ದ ಮೈಕ್‌ಸೆಟ್ಟಿನವನ ನೆನಪಾಗಿ, ಒಂದು ರಜೆಯ ದಿನ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಕಾಡುಗೋಡಿಯ ಕೊನೆಯ ನಿಲ್ದಾಣದಲ್ಲಿ ಇಳಿದ. ಹನುಮಂತಯ್ಯ ಇನ್ನೂ ಇದ್ದ. ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ. ಅಂಗಡಿ ಇದ್ದ ಜಾಗದಲ್ಲಿ ಮಗ ಬಾಡಿಗೆ ಕೋಣೆಗಳನ್ನು ಕಟ್ಟಿಸಿದ್ದ; ಹಳೆಯ ಧ್ವನಿವರ್ಧಕಗಳು ಮಹಡಿಯ ನೀರಿನ ಟ್ಯಾಂಕಿನಡಿ ಮುಸುಕು ಹೊದ್ದು ಮಲಗಿದ್ದವು. ಅವುಗಳ ಹಿಂದಿನ ತಗಡಿನ ಪೆಟ್ಟಿಗೆಯಿಂದ ಮುದುಕ ಒಂದು ಚಿಕ್ಕ ಪ್ಲೇಟು ತೆಗೆದು ಕೊಟ್ಟ. ಅಂಗೈಗಿಂತ ತುಸು ದೊಡ್ಡದು. ಒಂದೊಂದು ಮುಖದಲ್ಲಿ ಎರಡೆರಡು ಹಾಡು.

ತಿರುಗಿಸಿ ನೋಡಿದ ಅಮರಪ್ಪನ ಮುಖ ಇಳಿಯಿತು. ಎರಡನೆಯ ಮುಖದ ಕೊನೆಯ ಹಾಡಿನ ಮೇಲೆ ಅಡ್ಡಲಾಗಿ ಕೆಂಪು ಬಣ್ಣದ ಪಟ್ಟಿ. ಉಗುರಿಗೆ ಹಚ್ಚುವ ಬಣ್ಣ, ಒಣಗಿ ಕಲ್ಲಾಗಿತ್ತು.

"ಇದೇನ್ರೀ ಯಜಮಾನ್ರ, ಹಿಂಗ್ ಬಳದೀರಿ?"

"ಬಳೀದೆ? ಮದ್ವೆ ಮನೇಲಿ ಸತ್ತೋರ್ ಪದ ಬಂದ್ರೆ ಬೀಗ್ರು ನನ್ನ ಚಪ್ರದ ಕಂಬಕ್ಕೆ ಕಟ್ಟಾಕೋರು. ನಾನೇ ಕುಂತಿದ್ರೆ ಮುಳ್ಳು ಎತ್ತಿಬುಡ್ತಿದ್ದೆ. ಊಟಕ್ಕೆ ಎದ್ದು ಹುಡುಗ್ರ ಕೈಗೆ ಬುಟ್ರೆ ಅವಕ್ಕೇನ್ ಗೊತ್ತು? ಅದ್ಕೇ ಅಳೋ ಪದ ಎಲ್ಲೆಲ್ಲಿ ಐತೋ ಅಲ್ಲೆಲ್ಲಾ ಒಂದ್ ಗೀಟು ಬಳ್ದುಬುಡ್ತಿದ್ದೆ. ಮುಳ್ಳು ಎಗರ್ಕಂಡ್ ಓಗೋದು. ಎಲ್ಲಾ ಮೈಕ್‌ಸೆಟ್ನೋರೂ ಮಾಡ್ತಿದ್ವು."

ಹೀಗೆ ಒಂದು ಸೀಮೆಯ ಮದುವೆಗಳಲ್ಲೆಲ್ಲ ಹಾಡಿದ ಆ ಪ್ಲೇಟಿನಲ್ಲಿ, ಮಾರಕ್ಕನ ಹಾಡೊಂದು ಮಾತ್ರ ಯಾರ ಮುಳ್ಳಿಗೂ ಸಿಗದೆ ಉಳಿದಿತ್ತು. ಸವೆಯದೆ ಉಳಿದಿತ್ತು ಎಂದು ಅಮರಪ್ಪ ಒಳಗೊಳಗೇ ಎಣಿಸಿದ. ಬಣ್ಣ ತೆಗೆದರೆ ಅಡಿಯಲ್ಲಿ ಹೊಸದರಂತಿರುವ ಹಾಡು.

ಯಾರಿಗೆಂದು ಕೇಳಿ ತಿಳಿದ ಮೇಲೆ ಹನುಮಂತಯ್ಯ ಒಂದು ಕಾಸೂ ಮುಟ್ಟಲಿಲ್ಲ. "ಆ ಹುಡ್ಗೀದಾ? ಅವತ್ತು ಗೊತ್ತಿದ್ರೆ ನಾನೇ ಹಾಕ್ತಿದ್ನಲ್ಲಪ್ಪಾ, ಕಂಬಕ್ಕೆ ಕಟ್ಟಿದ್ರೂ ಕಟ್ಲಿ ಅಂತ. ತಗಂಡೋಗು. ನಿಂಗಲ್ಲ, ಆವಮ್ಮಂಗೆ."

ಮನೆಗೆ ಬಂದು ಪ್ಲೇಟನ್ನು ಮಾರಕ್ಕನ ಕೈಯಲ್ಲಿಟ್ಟ. ಮಾರಕ್ಕ ಕೈ ಒರೆಸಿಕೊಂಡು ತೆಗೆದುಕೊಂಡಳು. ಓದು ಬಾರದವಳು, ರಟ್ಟಿನ ಮೇಲಿನ ಹೆಣ್ಣಿನ ಚಿತ್ರ ನೋಡಿ, "ಇವಳ್ಗೇ ಇರ್ಬೇಕು ನಾನು ದನಿ ಕೊಟ್ಟಿದ್ದು" ಎಂದಳು. ಆಮೇಲೆ, "ಆಕು."

"ಈಗ ಬ್ಯಾಡ್ರೀ ಅಮ್ಮಾರ. ಮ್ಯಾಲ ಬಣ್ಣ ಐತಿ. ಮುಳ್ಳು ಜಿಗದು ಹಾಳಾಕ್ಕೈತಿ."

"ಎಗರ್ಲಿ ಬುಡಪ್ಪ. ಮದ್ಯಮದ್ಯ ಒಂದೀಟೀಟು ಕೇಳಲ್ವಾ? ತುಂಡುತುಂಡಾಗಾದ್ರೂ ಸಾಕು."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಮುಳ್ಳು ಪಟ್ಟಿಯ ಮೇಲೆ ಎಗರುತ್ತಿತ್ತು, ಎಗರಿದ ಕಡೆಯಿಂದ ಮತ್ತೆ ಪಟ್ಟಿ ಬರುವವರೆಗೆ ಹಾಡುತ್ತಿತ್ತು. ಪುಣ್ಯವಿದ್ದರೆ ಆ ಸೊಲ್ಲಿನ ಅರ್ಧವಾದರೂ ಸಿಗುತ್ತಿತ್ತು. ಮುಳ್ಳು ಹೋದರೆ ಮತ್ತೊಂದು ತರಬಹುದಿತ್ತು. ಇದೆಲ್ಲ ಅಮರಪ್ಪನಿಗೆ ತಿಳಿಯದ್ದೇನಲ್ಲ. ಆದರೆ ಹರಕು ಮುರಕು ಹಾಡು ತನ್ನ ಯಂತ್ರದ ಮೇಲೆ ತಿರುಗುವುದನ್ನು ಅವನಿಂದ ನೆನೆಸಿಕೊಳ್ಳಲೂ ಆಗಲಿಲ್ಲ. ಅದೂ ಅಲ್ಲದೆ, ದಾರಿಯಲ್ಲೇ ಸಿದ್ಧಾರ್ಥನಿಗೆ ಫೋನ್ ಮಾಡಿ, ಬರುವ ಭಾನುವಾರ ಎಲ್ಲರೂ ಬನ್ನಿ ಎಂದುಬಿಟ್ಟಿದ್ದ.

"ಐತವಾರದ ತನಕ ತಡೀರಿ. ಸ್ವಚ್ಛ ಮಾಡಿ, ಪೂರಾ ಹಾಡು ಕೇಳಸ್ತೀನಿ. ನಿಮ್ಮನ್ನ ಕುರ್ಚಿ ಮ್ಯಾಲ ಕುಂದರ್ಸಿ, ನಾಕ್ ಮಂದಿ ಮುಂದ."

"ನಾಕ್ ಮಂದಿ ಯಾಕಪ್ಪ ನಂಗೆ?" ಎಂದಳು ಮಾರಕ್ಕ. ಆದರೂ ಪ್ಲೇಟನ್ನು ಅವನ ಕೈಗೇ ವಾಪಸು ಕೊಟ್ಟಳು. ಇಷ್ಟು ವರ್ಷ ಕಾದವಳಿಗೆ ಭಾನುವಾರ ದೂರವೆನಿಸಲಿಲ್ಲವೇನೋ.

"ಆಕಿ ಕೇಳಿದ್ದು ಹಾಕ್ರಿ ಅಂತ. ತೊಳೀರಿ ಅಂತಲ್ಲ" ಎಂದಳು ಮಹಾನಂದಾ, ಮೆಟ್ಟಿಲು ಹತ್ತುವಾಗ.

"ನಿನಗ ತಿಳಿಯೂದಿಲ್ಲ, ಸುಮ್ನಿರು."

ಸೋಪಿನ ನೀರಿಗೆ ಬಣ್ಣ ಜಗ್ಗಲಿಲ್ಲ. ಅಂಟುವಾಳದ ನೀರಿಗೆ ಜಗ್ಗಲಿಲ್ಲ. ಹಳೆಯ ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಬಾರದು, ಇಂಥ ಪ್ಲಾಸ್ಟಿಕ್ಕಿನದಕ್ಕೆ ನಡೆಯುತ್ತದೆ ಎಂಬುದನ್ನು ಅಮರಪ್ಪ ಬಲ್ಲ. ಸ್ಪಿರಿಟ್ಟಿಗೂ ಆ ಕೆಂಪು ಮಿಸುಕಲಿಲ್ಲ. ಶನಿವಾರ ಮಧ್ಯಾಹ್ನ, ಯಂತ್ರಗಳು ನಿಂತು ಕಾರ್ಖಾನೆ ಖಾಲಿಯಾದ ಮೇಲೆ, ಪ್ಲೇಟನ್ನು ತಪಾಸಣೆಯ ಮೇಜಿನ ಮೇಲೆ ಮಲಗಿಸಿದ. ಪಕ್ಕದಲ್ಲಿ ಥಿನ್ನರಿನ ಡಬ್ಬಿ, ಪೇಂಟ್ ಕರಗಿಸುವುದು. ಲೋಹದ ಮೇಲೆ ಅಂಟಿದ ಎಂಥ ಬಣ್ಣವೂ ಅದಕ್ಕೆ ಶರಣು. ಅಂಚಿನಲ್ಲಿ ಗೆರೆಯಿಲ್ಲದ ಜಾಗಕ್ಕೆ ಒಂದು ತೊಟ್ಟು ಮುಟ್ಟಿಸಿ, ಆರಿದ ಮೇಲೆ ಹೆಬ್ಬೆರಳಾಡಿಸಿ ನೋಡಿದ. ಏನೂ ಆಗಿರಲಿಲ್ಲ. ಧೈರ್ಯ ಬಂತು.

ಹತ್ತಿ ಅದ್ದಿ ಕೆಂಪು ಪಟ್ಟಿಯ ಮೇಲಿಟ್ಟು ಒರೆಸಿದ. ಹತ್ತಿಗೆ ಕೆಂಪು ಬಂತು. ಅಮರಪ್ಪ ಒಬ್ಬನೇ ನಕ್ಕ. ಇನ್ನೊಂದು ಹತ್ತಿ, ಅದಕ್ಕೂ ಕೆಂಪು. ಮತ್ತೊಂದಕ್ಕೆ ಬರೀ ಕಪ್ಪು ಬಂತು.

ಅಲ್ಲಿ ಕೈ ನಿಲ್ಲಬೇಕಿತ್ತು. ಬೇರೆ ಯಾರ ಕೈಯಾಗಿದ್ದರೂ ನಿಲ್ಲುತ್ತಿತ್ತು. ಆದರೆ ಪೀಣ್ಯದ ಕೈಗೆ ಚಿಕ್ಕಂದಿನಿಂದ ಕಲಿಸಿದ ಪಾಠ ಬೇರೆ. ಬಟ್ಟೆಗೆ ಕಪ್ಪು ಬಂತೆಂದರೆ ಜಿಡ್ಡು ಬಿಡುತ್ತಿದೆ ಎಂದರ್ಥ. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸು. ಹೊಸದಾಗಿ ಸೇರಿದ ಎಷ್ಟು ಜನಕ್ಕೆ ಅವನೇ ಗದರಿ ಕಲಿಸಿದ್ದ! ಅಷ್ಟು ವರ್ಷದ ಧೂಳು, ಮದುವೆ ಮನೆಗಳ ಹೊಗೆ, ಊದುಬತ್ತಿ, ಬರಲಿ ಬರಲಿ ಎಂದುಕೊಂಡು ಥಿನ್ನರಿನಲ್ಲಿ ಅದ್ದಿ ಅದ್ದಿ ಸುತ್ತಲೂ ಒರೆಸಿದ. ಕಪ್ಪು ಬರುತ್ತಲೇ ಇತ್ತು. ಹತ್ತಿ ಬೆಳ್ಳಗಾಗಲೇ ಇಲ್ಲ. ಸಾಕೆಂದು ಪ್ಲೇಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಾಗ, ಕೊನೆಯ ಹಾಡಿದ್ದ ಜಾಗ ಉಜ್ಜಿದ ಹಂಚಿನಂತೆ ಮಂಕಾಗಿತ್ತು. ಗೆರೆಗಳು ಒಂದರೊಳಗೊಂದು ಕದಡಿಹೋಗಿದ್ದವು. ಹೆಬ್ಬೆರಳಿಟ್ಟ. ಬೆರಳ ಗುರುತು ಪ್ಲೇಟಿನ ಮೇಲೆ ಉಳಿಯಿತು.

ಅವನು ಅಷ್ಟೂ ಹೊತ್ತು ಒರೆಸಿ ತೆಗೆದದ್ದು ಧೂಳಲ್ಲ. ಹಾಡನ್ನೇ.

ಭಾನುವಾರ ಗೆಳೆಯರಿಗೆ ಬರಬೇಡಿ ಎಂದು ಫೋನ್ ಮಾಡುವುದು ಸುಲಭವಾಯಿತು. ಕೆಳಗಿಳಿದು ಹೇಳುವುದು ಆಗಲಿಲ್ಲ. ಇಳಿಯುತ್ತೇನೆ ಎಂದು ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲವೂ ಬಿಚ್ಚಿದ. ಅಷ್ಟರಲ್ಲಿ ಮಾರಕ್ಕನೇ ಮೇಲೆ ಬಂದಳು. ಮಗನ ಮದುವೆಗೆ ಉಟ್ಟಿದ್ದ ಹಸಿರು ರೇಷ್ಮೆ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ.

"ಎಲ್ಲಪ್ಪ ನಿನ್ ನಾಕ್ ಮಂದಿ? ಇನ್ನೂ ಬಂದಿಲ್ವಾ?"

ಅಮರಪ್ಪ ಒಳಗೆ ಹೋದ. ಪ್ಲೇಟನ್ನು ತಂದು ಅವಳ ಮುಂದೆ ಹಿಡಿದ. ಮಾರಕ್ಕ ನೋಡಿದಳು. ಗೆರೆ, ಮುಳ್ಳು ಇವೆಲ್ಲ ಅವಳಿಗೆ ಗೊತ್ತಿಲ್ಲದಿದ್ದರೂ ಸೀದ ತಳವನ್ನು ಗುರುತಿಸದ ಹೆಂಗಸು ಯಾರಿದ್ದಾಳೆ?

"ಏನಾಯ್ತು?"

"ನಾನ ಕೆಡಿಸಿದೆ ಅಮ್ಮಾರ. ಬಣ್ಣ ತಗೀಯಾಕ್ ಹೋಗಿ ಹಾಡನ್ನೂ ತಗದ್ ಬಿಟ್ಟೆ. ಥಿನ್ನರ್ ಹಾಕಬಾರದಿತ್ತು. ನೀವು ಹಂಗಽ ಹಾಕು ಅಂದ್ರಿ..."

ಮಾರಕ್ಕ ಗೋಡೆ ಹಿಡಿದು ಕೂತಳು. "ಆಕು ಒಂದ್ಸಲ" ಎಂದಳು.

"ಏನೂ ಕೇಳ್ಸೂದಿಲ್ರೀ."

"ಆಕು ಅಂದ್ನಲ್ಲ."

ಹಾಕಿದ. ಆ ಮುಖದ ಮೊದಲ ಹಾಡು ಚೆನ್ನಾಗಿಯೇ ಬಂತು, ಕಣದಲ್ಲಿ ಹುಡುಗ ಹುಡುಗಿಯನ್ನು ಛೇಡಿಸುವ ಹಾಡು. ಅದು ಮುಗಿದು ಮುಳ್ಳು ಒಳಗೆ ಸರಿದಾಗ ಮಾರಕ್ಕ ಕಣ್ಣು ಮುಚ್ಚಿದಳು. ಜೋರು ಗಾಳಿಗೆ ಒಣ ಜೋಳದ ದಂಟು ಉಜ್ಜಾಡಿದಂಥ ಸದ್ದು ಬಂತು. ಅದರಡಿ ಎಲ್ಲೋ ದೂರದಲ್ಲಿ ಹೆಂಗಸರ ದನಿಯಿತ್ತೋ, ಇದೆಯೆಂದು ಅವರು ಮೂವರೂ ಅಂದುಕೊಂಡರೋ. ಮುಳ್ಳು ತುದಿಗೆ ಹೋಗಿ ನಿಂತಿತು. ಯಾರೂ ಎದ್ದು ಅದನ್ನು ಎತ್ತಲಿಲ್ಲ.

ಮಹಾನಂದಾ ಮಾರಕ್ಕನ ಪಕ್ಕ ಕೂತು ಅವಳ ಕೈ ಹಿಡಿದಳು. ಅಮರಪ್ಪನಿಗೆ ಆಗ ಒಂದು ಉಪಾಯ ಹೊಳೆಯಿತು. ಮುಳುಗುವವನು ಹುಲ್ಲುಕಡ್ಡಿ ಕಂಡಂತೆ ಮೊಬೈಲ್ ತೆಗೆದು ಅವಳ ಮುಂದೆ ಹಿಡಿದ.

"ಅಮ್ಮಾರ, ನೀವಽ ಹಾಡ್ರಿ. ಆ ಒಂದ್ ಸೊಲ್ಲು. ಇದ್ರಾಗ ಹಿಡ್ಕೋತೀನಿ. ಮದರಾಸಿನ್ಯಾಗ ಹಾಡಿದ್ದು ಹೋತು, ಇದರ ಉಳೀಲಿ."

ಮಾರಕ್ಕ ಬೇಡವೆನ್ನಲಿಲ್ಲ. ಗಂಟಲು ಸರಿಮಾಡಿಕೊಂಡು, "ಯಾವೂರ ಸೇರಿದಳೋ" ಎಂದು ಎತ್ತಿದಳು. ಎತ್ತಿದವಳು ಎರಡನೆಯ ಮಾತಿಗೇ ನಿಂತಳು. "ಇದಲ್ಲ." ಮತ್ತೆ ಎತ್ತಿದಳು. ದನಿ ಒಡೆದಿರಲಿಲ್ಲ, ವಯಸ್ಸಿಗೆ ಮೀರಿ ಗಟ್ಟಿಯಾಗಿಯೇ ಇತ್ತು. ಆದರೆ ಪದ 'ನನ ಅಕ್ಕ' ಎನ್ನುವಲ್ಲಿಗೆ ಬಂದು ಬೇರೆಲ್ಲಿಗೋ ತಿರುಗಿಕೊಂಡಿತು. ಆ ತಿರುವು ಅಮರಪ್ಪನಿಗೆ ಚೆನ್ನಾಗಿ ಗೊತ್ತಿದ್ದದ್ದು. ಮಾರಕ್ಕನಿಗೂ ಗೊತ್ತಾಯಿತು.

"ಪದ ಗ್ಯಾಪ್ಕ ಐತೆ. ಧಾಟಿ ಓಗ್ಬುಟ್ಟೈತೆ ಕಣಪ್ಪ" ಎಂದಳು. "ಬಾಯ್ಬುಟ್ರೆ ನೀನು ವಾರವಾರ ಆಕೋ ಆಡಿನ ಧಾಟೀನೇ ಬತ್ತದೆ. ಇದು ಮುಳ್ಳಿಟ್ರೆ ಗ್ಯಾಪ್ಕ ಬತ್ತದೆ ಅನ್ಕಂಡಿದ್ದೆ."

ಅಮರಪ್ಪ ಮೊಬೈಲನ್ನು ಜೇಬಿಗೆ ಹಾಕಿದ. ಬೈಗುಳ ಬಿದ್ದಿದ್ದರೆ ತಲೆ ಕೊಟ್ಟು ತಿನ್ನುತ್ತಿದ್ದ. ಮಾರಕ್ಕ ಬೈಯಲಿಲ್ಲ. ಮಹಾನಂದಾ ತಂದ ಚಹಾ ಪೂರ್ತಿ ಕುಡಿದು, ಲೋಟ ಪಕ್ಕಕ್ಕಿಟ್ಟು, ಸೀರೆಯ ನೆರಿಗೆ ಹಿಡಿದು ಎದ್ದಳು. ಬಾಗಿಲ ಬಳಿ ನಿಂತು, "ನೀನು ಒಳ್ಳೇದ್ಕೇ ಮಾಡ್ದೆ, ನಂಗೊತ್ತಿಲ್ವಾ?" ಎಂದಳು. ಅವನ ಕಡೆ ನೋಡದೆ ಮತ್ತೊಂದು ಮಾತು ಸೇರಿಸಿದಳು.

"ಅವತ್ತೇ ಆಕ್ಬುಡ್ಬೌದಾಗಿತ್ತು ಕಣಪ್ಪ."

ಅಮರಪ್ಪ ಈಗಲೂ ರಜೆ ಸಿಕ್ಕಾಗ ಹಳೆಯ ಮೈಕ್‌ಸೆಟ್ಟಿನವರ ಮನೆಗಳನ್ನು ಕೇಳಿಕೊಂಡು ಹೊಸಕೋಟೆ, ಮಾಲೂರು, ಆನೇಕಲ್ ಎಂದು ತಿರುಗುತ್ತಾನೆ. ಒಡೆದದ್ದಿರಲಿ, ಗೀಚಿದ್ದಿರಲಿ, ಬಣ್ಣ ಬಳಿದದ್ದೇ ಇರಲಿ, ಆ ಪ್ಲೇಟು ಇದೆಯೇ ಎಂದು ಕೇಳುತ್ತಾನೆ. ಇನ್ನೂ ಸಿಕ್ಕಿಲ್ಲ. ಸಂಜೆ ಅವನು ಬರಿಗೈಯಲ್ಲಿ ಗೇಟು ತೆರೆಯುವಾಗ ಮಾರಕ್ಕ ಅಂಗಳದಲ್ಲಿ ಕೂತಿರುತ್ತಾಳೆ. ಅವನ ಕೈ ಕಡೆ ಒಮ್ಮೆ ನೋಡುತ್ತಾಳೆ. ಆಮೇಲೆ, ಊಟ ಆಯ್ತೇನಪ್ಪ ಎನ್ನುತ್ತಾಳೆ.